ನಾನು ಬೆಳಗಾವಿಯನ್ನು ಗೋವಾಕ್ಕೆ ಸೇರಿಸಿದ ಕಥೆ

ನಮ್ಮಮ್ಮ ಹಾಸನದ ಕಡೆಯವಳು. ಗೋವಾದ ನಮ್ಮ ಬಾಡಿಗೆ ಮನೆಗೆ ಬಂದ ಮೊದಲ ವಾರವೇ ಅಡುಗೆಮನೆಯ ಕಪಾಟಿನಲ್ಲಿ ಮೂರು ಸ್ಟೀಲ್ ಡಬ್ಬಿಗಳನ್ನು ಸಾಲಾಗಿ ಇಟ್ಟಳು. ಒಂದರಲ್ಲಿ ಸಾರಿನ ಪುಡಿ, ಇನ್ನೊಂದರಲ್ಲಿ ಹುಳಿ ಪುಡಿ, ಮತ್ತೊಂದರಲ್ಲಿ ವಾಂಗಿಭಾತ್ ಪುಡಿ. ಮೂರು ಡಬ್ಬಿಯೂ ಒಂದೇ ಅಳತೆ, ಒಳಗಿನ ಪುಡಿಯೂ ಹೆಚ್ಚುಕಡಿಮೆ ಒಂದೇ ಬಣ್ಣ. ಮೇಲೆ ಚೀಟಿ ಇಲ್ಲ. ಅಮ್ಮ ಮುಚ್ಚಳ ತೆಗೆದು ಒಮ್ಮೆ ಮೂಸಿದರೆ ಯಾವುದು ಯಾವುದೆಂದು ಗೊತ್ತಾಗುತ್ತದೆ. ನಾನು ಮೂಸಿದರೆ ಸೀನು ಬರುತ್ತದೆ, ಅಷ್ಟೇ.

ಒಂದು ಭಾನುವಾರ ಕಾಗದ ಪೆನ್ನು ಹಿಡಿದು ಮೂರರ ಸಾಮಾನನ್ನೂ ಪಟ್ಟಿ ಮಾಡಿದೆ. ಕೊತ್ತಂಬರಿ ಬೀಜ ಮೂರಕ್ಕೂ ಉಂಟು. ಒಣಮೆಣಸಿನಕಾಯಿ ಮೂರಕ್ಕೂ ಉಂಟು. ಒಂದಕ್ಕೆ ಜೀರಿಗೆ, ಮೆಣಸು ಮುಂದು. ಒಂದಕ್ಕೆ ಕಡಲೆಬೇಳೆ, ಉದ್ದಿನಬೇಳೆ ಹೆಚ್ಚು. ಇನ್ನೊಂದಕ್ಕೆ ಚಕ್ಕೆ, ಲವಂಗ, ಮರಾಠಿ ಮೊಗ್ಗು. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಮೂರು ಸಲ ಹುರಿಯುವುದು, ಮೂರು ಸಲ ಮಿಕ್ಸಿ ತೊಳೆಯುವುದು ಯಾವ ನ್ಯಾಯ? ಅಮ್ಮ ಗುಡಿಗೆ ಹೋಗಿದ್ದ ಹೊತ್ತು ನೋಡಿ ಮೂರೂ ಡಬ್ಬಿಯನ್ನು ಒಂದು ದೊಡ್ಡ ಪಾತ್ರೆಗೆ ಸುರಿದು ಚೆನ್ನಾಗಿ ಕಲಸಿದೆ. ಅದಕ್ಕೆ ‘ಸಾಮಾನ್ಯ ಪುಡಿ’ ಎಂದು ಹೆಸರಿಟ್ಟು ಚೀಟಿಯನ್ನೂ ಅಂಟಿಸಿದೆ.

ರಾತ್ರಿ ಅಮ್ಮ ಒಂದು ತುತ್ತು ಬಾಯಿಗಿಟ್ಟು ಕೈ ತಡೆದಳು. “ಇದು ಸಾರೂ ಅಲ್ಲ, ಹುಳೀನೂ ಅಲ್ಲ. ಸಾರಲ್ಲಿ ಲವಂಗ ಯಾಕೋ ನಾರ್ತಿದೆ?” ಎಂದಳು. ನಾನು ಪಟ್ಟಿ ತೋರಿಸಿ ವಿವರಿಸಿದೆ. ಅಮ್ಮ ಪಟ್ಟಿಯನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು. ಮರುದಿನ ಹೊಸದಾಗಿ ಮೂರು ಪುಡಿ ಮಾಡಿಕೊಂಡಳು. ಸಾಮಾನ್ಯ ಪುಡಿಯನ್ನು ನಾನೊಬ್ಬನೇ ತಿಂದು ಮುಗಿಸಬೇಕೆಂದು ತೀರ್ಪಾಯಿತು. ಇನ್ನೂ ಮುಗಿದಿಲ್ಲ.

ಇಷ್ಟಕ್ಕೇ ಬುದ್ಧಿ ಬಂದಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು.

ನಾನು ಮಡ್ಕಯಿಯಲ್ಲಿ ಸಾಫ್ಟ್‌ವೇರ್ ಬರೆಯುತ್ತೇನೆ ಎಂದರೆ ಊರಿನ ನೆಂಟರು ನಂಬುವುದಿಲ್ಲ. ಅವರಿಗೆ ಗೋವಾ ಎಂದರೆ ಬೀಚು. ಮಡ್ಕಯಿ ಪೊಂಡಾ ತಾಲ್ಲೂಕಿನಲ್ಲಿ ಜುವಾರಿ ನದಿಯ ದಂಡೆಗಿರುವ ಹಳ್ಳಿ. ನವದುರ್ಗೆಯ ಗುಡಿ, ತೆಂಗು, ನದಿಯಂಚಿನ ಭತ್ತದ ಗದ್ದೆ, ಇವುಗಳ ಜೊತೆಗೆ ಒಂದು ಇಂಡಸ್ಟ್ರಿಯಲ್ ಎಸ್ಟೇಟು. ಅಲ್ಲಿನ, ಸುತ್ತಲಿನ ಸಣ್ಣ ಕಾರ್ಖಾನೆ, ಅಂಗಡಿಗಳಿಗೆ ಬಿಲ್ಲು, ಚಲನ್, ಗೇಟ್ ಪಾಸ್ ಮುದ್ರಿಸುವ ಸಾಫ್ಟ್‌ವೇರ್ ನಮ್ಮದು. ಮನೆ ನದಿಯ ಆಚೆ, ಕುಠ್ಠಾಳಿಯಲ್ಲಿ. ದಿನಾ ಸ್ಕೂಟರನ್ನು ಫೆರಿ ಬೋಟಿಗೆ ಹತ್ತಿಸಿ ಈಚೆ ದಡಕ್ಕೆ ಬರುತ್ತೇನೆ. ಕಚೇರಿಯಲ್ಲಿ ಆರು ಜನ. ನಮ್ಮ ಮಾತು ಅರ್ಧ ಹಿಂದಿ, ಕಾಲು ಇಂಗ್ಲಿಷು, ಕಾಲು ಕೊಂಕಣಿ. ಇಲ್ಲಿ ಎಲ್ಲವನ್ನೂ ಕನ್ನಡಕ್ಕೆ ತಂದು ಬರೆದಿದ್ದೇನೆ.

ಆ ಆರು ಜನರಲ್ಲಿ ವಯಸ್ಸಿನಲ್ಲಿ ಹಿರಿಯನಾದ್ದರಿಂದ ಕೋಡ್ ರಿವ್ಯೂ ನನ್ನ ಪಾಲಿಗೆ ಬಂತು. ಒಬ್ಬರು ಬರೆದ ಕೋಡನ್ನು ಮುಖ್ಯ ಕೋಡಿಗೆ ಸೇರಿಸುವ ಮೊದಲು ಇನ್ನೊಬ್ಬರು ಓದಿ, ತಪ್ಪಿದ್ದರೆ ಕಾಮೆಂಟ್ ಬರೆದು, ಸರಿಯಿದ್ದರೆ ಅಪ್ರೂವ್ ಒತ್ತುವ ಕೆಲಸ ಅದು. ಮದುವೆಗೆ ಮುಂಚೆ ಜಾತಕ ನೋಡಿದ ಹಾಗೆ. ಎಲ್ಲ ಜಾತಕದಲ್ಲೂ ಕುಜದೋಷವನ್ನೇ ಕಾಣುವ ಜೋಯಿಸರು ಇರುತ್ತಾರಲ್ಲ, ನಾನು ಎಲ್ಲ ಕೋಡಿನಲ್ಲೂ ಒಂದೇ ದೋಷ ಕಾಣುತ್ತಿದ್ದೆ: ಡೂಪ್ಲಿಕೇಟ್. “ಈ ನಾಲ್ಕು ಸಾಲು ಅಲ್ಲೂ ಇದೆ, ಇಲ್ಲೂ ಇದೆ. ಒಂದು ಫಂಕ್ಷನ್ ಮಾಡಿ ಎರಡು ಕಡೆಯಿಂದಲೂ ಕರೆ.” ಫಂಕ್ಷನ್ ಎಂದರೆ ಒಂದು ಕೆಲಸದ ಕೋಡನ್ನು ಹೆಸರಿಟ್ಟು ಕಟ್ಟಿದ ಗಂಟು; ಬೇಕಾದಲ್ಲಿ ಹೆಸರು ಹಿಡಿದು ಕರೆಯಬಹುದು. ಹುಡುಗರು ನನ್ನ ಬೆನ್ನ ಹಿಂದೆ ‘ಒಂದೇ ಫಂಕ್ಷನ್ ಸರ್’ ಎನ್ನುತ್ತಿದ್ದರಂತೆ. ಅದನ್ನು ಬಹಳ ದಿನ ಬಿರುದು ಎಂದೇ ತಿಳಿದಿದ್ದೆ.

ನನ್ನ ಈ ಭಕ್ತಿಗೆ ಶಾಸ್ತ್ರಾಧಾರವೂ ಇತ್ತು. 1999ರಲ್ಲಿ ಆಂಡ್ರ್ಯೂ ಹಂಟ್, ಡೇವಿಡ್ ಥಾಮಸ್ ಎಂಬಿಬ್ಬರು ‘ದಿ ಪ್ರಾಗ್ಮ್ಯಾಟಿಕ್ ಪ್ರೋಗ್ರಾಮರ್’ ಎಂಬ ಪುಸ್ತಕ ಬರೆದು ‘ಡ್ರೈ’ ಎಂಬ ಸೂತ್ರ ಕೊಟ್ಟರು. ಹೇಳಿದ್ದನ್ನೇ ಹೇಳಬೇಡ ಎನ್ನುವುದು ಅದರ ತಾತ್ಪರ್ಯ. ಅವರು ಹೇಳಿದ್ದು ಒಂದು ತಿಳಿವಳಿಕೆ ಎರಡು ಕಡೆ ಇರಬಾರದು ಎಂದು. ನಾನು ಓದಿಕೊಂಡದ್ದು ಒಂದೇ ಥರದ ಸಾಲು ಎರಡು ಕಡೆ ಇರಬಾರದು ಎಂದು. ಇವೆರಡಕ್ಕೂ ಅಜಗಜಾಂತರ. ಅದು ಹೊಳೆಯುವ ಮೊದಲೇ ನಾನು ಪುಸ್ತಕ ಮುಚ್ಚಿ ಊಟಕ್ಕೆ ಎದ್ದಿದ್ದೆ. ಅದೇ ವರ್ಷ ಬಂದ ಮಾರ್ಟಿನ್ ಫೌಲರ್ ಅವರ ‘ರಿಫ್ಯಾಕ್ಟರಿಂಗ್’ ಪುಸ್ತಕದಲ್ಲಿ ಡಾನ್ ರಾಬರ್ಟ್ಸ್ ಅವರ ಮೂರರ ನಿಯಮ ಬರುತ್ತದೆ: ಮೊದಲ ಸಲ ಸುಮ್ಮನೆ ಬರೆ, ಎರಡನೆಯ ಸಲ ಮುಖ ಕಿವಿಚಿಕೊಂಡಾದರೂ ಬರೆ, ಮೂರನೆಯ ಸಲ ಬಂದರೆ ಸೇರಿಸು. ನಾನು ಎರಡಕ್ಕೇ ಸೇರಿಸುತ್ತಿದ್ದೆ. ಮೂರು ಸಿಕ್ಕಿದರೆ ಹಬ್ಬ.

ಕುಠ್ಠಾಳಿಯಲ್ಲಿ ಜುವಾರಿಯ ಹೊಸ ಸೇತುವೆಯನ್ನು ನೋಡುವಾಗಲೂ ಇದೇ ಯೋಚನೆ. ಅಕ್ಕಪಕ್ಕ ಎರಡು ಸೇತುವೆ, ತದ್ರೂಪು. ಒಂದು 2022ರ ಡಿಸೆಂಬರಿನಲ್ಲಿ ತೆರೆಯಿತು, ಇನ್ನೊಂದು 2023ರ ಡಿಸೆಂಬರಿನಲ್ಲಿ. ನಾನು ರಿವ್ಯೂ ಮಾಡಿದ್ದರೆ ‘ಒಂದನ್ನು ಅಳಿಸಿ’ ಎಂದು ಬರೆಯುತ್ತಿದ್ದೆ. ಗೋವಾದ ಜನರ ಪುಣ್ಯ, ಸೇತುವೆ ಕಟ್ಟುವವರು ನನ್ನನ್ನು ಕೇಳಲಿಲ್ಲ.

ಹೀಗಿರುವಾಗ ಮಡ್ಕಯಿಯದೇ ಹುಡುಗಿಯೊಬ್ಬಳು ಕೆಲಸಕ್ಕೆ ಸೇರಿದಳು. ಫರ್ಮಾಗುಡಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವಳು, ಮಾತು ಕಡಿಮೆ. ಒಂದು ಕಾರ್ಖಾನೆಗೆ ಮೂರು ಫಂಕ್ಷನ್ ಬರೆದು ರಿವ್ಯೂಗೆ ಕಳಿಸಿದಳು. ಮೊದಲನೆಯದು ಗೋವಾದೊಳಗಿನ ಮಾರಾಟದ ಬಿಲ್ಲು: ಶೇ. 18 ತೆರಿಗೆಯಲ್ಲಿ 9 ಕೇಂದ್ರಕ್ಕೆ, 9 ಗೋವಾಕ್ಕೆ. ಎರಡನೆಯದು ಹೊರರಾಜ್ಯದ ಬಿಲ್ಲು: ಇಡೀ 18 ಅಂತರರಾಜ್ಯ ತೆರಿಗೆ, ಅಂದರೆ ಐಜಿಎಸ್‌ಟಿ. ಮೂರನೆಯದು ಜಾಬ್‌ವರ್ಕಿನ ಡೆಲಿವರಿ ಚಲನ್. ನಮ್ಮ ಮಾಲನ್ನೇ ಬೇರೆಯವರಲ್ಲಿಗೆ ಕಳಿಸಿ, ಕೆಲಸ ಮಾಡಿಸಿ, ವಾಪಸು ತರಿಸಿಕೊಳ್ಳುವುದು. ಅದು ಮಾರಾಟವಲ್ಲ, ಆದ್ದರಿಂದ ತೆರಿಗೆಯಿಲ್ಲ.

ನಾನು ಕಾಗದ ಪೆನ್ನು ತೆಗೆದೆ. ಮೂರರಲ್ಲೂ ಸಾಮಾನಿನ ಪಟ್ಟಿ ಉಂಟು. ಮೂರರಲ್ಲೂ ತೂಕ, ದರ, ಗುಣಾಕಾರ ಉಂಟು. ಮೂರರಲ್ಲೂ ಕೊನೆಗೆ ಒಟ್ಟು, ಮುದ್ರಣ. ಈ ಪಟ್ಟಿಯನ್ನು ಎಲ್ಲೋ ನೋಡಿದ್ದೇನಲ್ಲ ಎಂದು ಒಮ್ಮೆ ಅನಿಸಿತು. ಅಡುಗೆಮನೆಯ ನೆನಪು ಬರಲಿಲ್ಲ. ಕಾಮೆಂಟ್ ಬರೆದೆ: “ಮೂರೂ ಒಂದೇ. ಸೇರಿಸಿ.”

ಉತ್ತರ ಬಂತು: “ಈಗ ಒಂದೇ ಥರ ಕಾಣ್ತವೆ ಸರ್. ಆದರೆ ಒಂದಕ್ಕೆ ಬದಲಾವಣೆ ಬಂದಾಗ ಇನ್ನೆರಡಕ್ಕೆ ಬರೋದಿಲ್ಲ.”

ನಾನು ಬರೆದೆ: “9 ಮತ್ತು 9 ಸೇರಿದರೆ 18. ಗಣಿತ ಬದಲಾಗುವುದಿಲ್ಲ.”

ಆ ಜಾಣತನಕ್ಕೆ ನಾನೇ ಮೆಚ್ಚಿಕೊಂಡು ಒಂದು ಕಪ್ ಚಹಾ ಹೆಚ್ಚಿಗೆ ಕುಡಿದೆ. ಹೀಗೆ ಅವಳು ಒಂದು ಸಾಲು, ನಾನು ಹತ್ತು ಸಾಲು, ಎರಡು ದಿನ ನಡೆಯಿತು. ಕೊನೆಗೆ ಅವಳು ನನ್ನ ಮೇಜಿನ ಹತ್ತಿರ ಬಂದು, “ಸರ್, ನಿಮಗೆ ಗೊತ್ತಲ್ಲ, ಗೋವಾದಲ್ಲಿ ಮರ್ಜ್ ಅನ್ನೋದು ಅಷ್ಟು ಸಲೀಸಲ್ಲ” ಎಂದಳು. ನನಗೆ ಗೊತ್ತಿರಲಿಲ್ಲ. ಆಮೇಲೆ ತಿಳಿಯಿತು. 1967ರ ಜನವರಿ 16ರಂದು ಇಲ್ಲಿ ಜನಮತ ನಡೆದಿತ್ತು. ಗೋವಾ ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೆನ್ನುವವರಿಗೆ ಹೂವಿನ ಗುರುತು, ಬೇರೆಯಾಗಿಯೇ ಇರಬೇಕೆನ್ನುವವರಿಗೆ ಎರಡೆಲೆ. ಗಡಿ ಹತ್ತಿರ, ಭಾಷೆ ಹತ್ತಿರ, ನೋಡಲು ಒಂದೇ ಥರ, ಸೇರಿಸಿಬಿಡಿ ಎಂಬುದು ಹೂವಿನವರ ವಾದ. ಎರಡೆಲೆ ಗೆದ್ದಿತು. ಇಡೀ ದೇಶದಲ್ಲಿ ಮರ್ಜ್ ಬೇಡವೆಂದು ವೋಟು ಹಾಕಿದ ನೆಲವನ್ನೇ ಹುಡುಕಿಕೊಂಡು ಬಂದು ನಾನು ಮರ್ಜ್‌ಪುರಾಣ ಓದುತ್ತಿದ್ದೆ.

ಅವಳು ಸೇರಿಸದಿದ್ದರೆ ನಾನೇ ಸೇರಿಸುತ್ತೇನೆ ಎಂದು ಒಂದು ರಾತ್ರಿ ಕೂತು ಸೇರಿಸಿದೆ. ಮುನ್ನೂರು ಸಾಲು ನೂರ ಇಪ್ಪತ್ತಕ್ಕೆ ಇಳಿಯಿತು. ಮೂರು ಫಂಕ್ಷನ್ ಹೋಗಿ ಒಂದೇ ಉಳಿಯಿತು. ಕರೆಯುವವರು ಸಾಮಾನಿನ ಪಟ್ಟಿಯ ಜೊತೆಗೆ ಸಣ್ಣ ಪ್ರಶ್ನೆಗಳಿಗೆ ಸಾಲಾಗಿ ಉತ್ತರ ಕೊಟ್ಟರೆ ಸಾಕು. ಗೋವಾದೊಳಗೋ? ಜಾಬ್‌ವರ್ಕೋ? ಮಾಲು ವಾಪಸೋ? ಪ್ರಶ್ನೆಯ ಹೆಸರು ಬರೆಯಬೇಕಾಗಿಲ್ಲ. ಹೌದು, ಅಲ್ಲ, ಅಲ್ಲ ಎಂದು ಕ್ರಮವಾಗಿ ಹೇಳಿದರಾಯಿತು. ಕೋರ್ಟಿನಲ್ಲಿ ಪಾಟೀಸವಾಲಿಗೆ ನಿಂತ ಸಾಕ್ಷಿಯ ಹಾಗೆ. ನನ್ನ ಕೋಡಿಗೆ ನಾನೇ ಅಪ್ರೂವ್ ಒತ್ತಿದೆ. ಜಾತಕವೂ ನನ್ನದೇ, ಜೋಯಿಸನೂ ನಾನೇ.

ಮೂರು ತಿಂಗಳು ಏನೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ಒಬ್ಬರಿಗೆ ರಿಯಾಯಿತಿ ಬೇಕಾಯಿತು, ಒಂದು ಪ್ರಶ್ನೆ ಸೇರಿತು. ಇನ್ನೊಬ್ಬರಿಗೆ ಪ್ಯಾಕಿಂಗ್ ಖರ್ಚು ಬೇರೆ ತೋರಿಸಬೇಕಾಯಿತು, ಇನ್ನೊಂದು ಪ್ರಶ್ನೆ. ಕೂಡು ಕುಟುಂಬದ ಅಡುಗೆಮನೆಯಲ್ಲಿ ದೊಡ್ಡಪ್ಪನಿಗೆ ಉಪ್ಪಿಲ್ಲದ್ದು, ಅಜ್ಜಿಗೆ ಬೆಳ್ಳುಳ್ಳಿ ಇಲ್ಲದ್ದು, ಮಗುವಿಗೆ ಖಾರವಿಲ್ಲದ್ದು ಎಂದು ಒಂದೇ ಪಾತ್ರೆಯ ಪಲ್ಯದಲ್ಲಿ ಗೆರೆ ಎಳೆದ ಹಾಗಾಯಿತು. ನೂರ ಇಪ್ಪತ್ತು ಸಾಲು ನಾನ್ನೂರು ದಾಟಿತು. ಆದರೂ ಒಂದೇ ಫಂಕ್ಷನ್! ನನಗೆ ಅದೇ ಹೆಮ್ಮೆ.

ಆಮೇಲೆ ಕಾರ್ಖಾನೆಯವರು ಒಂದು ಸಣ್ಣ ಬದಲಾವಣೆ ಕೇಳಿದರು. ಜಾಬ್‌ವರ್ಕಿನ ಚಲನ್‌ನಲ್ಲಿ ಮಾತ್ರ ತೂಕವನ್ನು ಗ್ರಾಂ ಬಿಟ್ಟು ಪೂರ್ತಿ ಕಿಲೋದಲ್ಲಿ ತೋರಿಸಬೇಕು. ಹುಡುಗಿ ರಜೆಯಲ್ಲಿದ್ದಳು. ಹೊಸ ಪ್ರಶ್ನೆಯನ್ನು ನಾನೇ ಸೇರಿಸಿದೆ: ತೂಕ ಪೂರ್ಣ ಮಾಡಬೇಕೋ? ಮುಖ್ಯವಾದ ಪ್ರಶ್ನೆಯಲ್ಲವೇ ಎಂದು ಗೌರವಪೂರ್ವಕವಾಗಿ ಸಾಲಿನ ಮೊದಲಿಗೇ ಕೂರಿಸಿದೆ. ಹಳೆಯ ಕರೆಗಳು ಹಳೆಯ ಕ್ರಮದಲ್ಲೇ ಉತ್ತರ ಹೇಳುತ್ತ ನಿಂತಿವೆ ಎಂಬುದು ತಲೆಗೆ ಹೊಳೆಯಲಿಲ್ಲ. ಟೆಸ್ಟ್ ಓಡಿಸಿದೆ. ಎಲ್ಲ ಹಸಿರು. ನನ್ನ ಟೆಸ್ಟ್ ನೋಡುತ್ತಿದ್ದದ್ದು ಒಂದನ್ನೇ: ಒಂದು ಲಕ್ಷದ ಮಾಲಿಗೆ ತೆರಿಗೆ ಹದಿನೆಂಟು ಸಾವಿರ ಬಂತೋ ಇಲ್ಲವೋ. ಚಲನ್‌ಗೆ ಟೆಸ್ಟೇ ಇರಲಿಲ್ಲ. ಫಂಕ್ಷನ್ ಒಂದೇ ಆದಮೇಲೆ ಬೇರೆ ಟೆಸ್ಟ್ ಯಾಕೆ ಎಂದು ಅಳಿಸಿದವನೂ ನಾನೇ. ರಾತ್ರಿ ಎಂಟಕ್ಕೆ ಪ್ರೊಡಕ್ಷನ್‌ಗೆ ಹಾಕಿ, ಸಾಮಾನ್ಯ ಪುಡಿಯ ಸಾರು ಉಂಡು ಮಲಗಿದೆ.

ಬೆಳಿಗ್ಗೆ ಒಂಬತ್ತಕ್ಕೆ ಫೋನು. “ಲಾರಿ ಗೇಟಲ್ಲಿ ನಿಂತಿದೆ. ಇ-ವೇ ಬಿಲ್ ಆಗ್ತಿಲ್ಲ. ಬೇಗ ಬನ್ನಿ.” ಆ ಬಿಲ್ಲಿಲ್ಲದೆ ಮಾಲು ಗಡಿ ದಾಟುವಂತಿಲ್ಲ.

ಅವಸರ ಇರುವ ದಿನ ಫೆರಿ ಎದುರು ದಡದಲ್ಲೇ ಇರುತ್ತದೆ. ಅದು ಈಚೆ ಬಂದು, ಬೈಕುಗಳನ್ನು ಇಳಿಸಿ, ನಮ್ಮನ್ನು ಹತ್ತಿಸಿಕೊಂಡು, ಮತ್ತೆ ಆಚೆ ಹೊರಡುವಷ್ಟರಲ್ಲಿ ನಾಲ್ಕು ಸಲ ಫೋನು ಬಂತು. ಮಡ್ಕಯಿಯಲ್ಲಿ ಇಳಿದವನು ದಾರಿಯಲ್ಲೇ ನವದುರ್ಗೆಯ ಗುಡಿಯೊಳಕ್ಕೆ ಹೋಗಿ ಕೈಮುಗಿದೆ. ಪೋರ್ಚುಗೀಸರ ಕಾಲದಲ್ಲಿ ನದಿಯಾಚೆಯ ತಿಸ್ವಾಡಿಯ ಗಾಂವಶಿಯಿಂದ ಇಲ್ಲಿಗೆ ಬಂದು ನೆಲೆಸಿದ ತಾಯಿ. ವಿಗ್ರಹದ ಕತ್ತು ತುಸು ವಾಲಿದೆ, ಅದೇ ಇಲ್ಲಿನ ವಿಶೇಷ. ಅಂದು ನನಗೆ, ‘ಏನಪ್ಪಾ ಮಾಡಿಕೊಂಡು ಬಂದೆ?’ ಎಂದು ಕೇಳುತ್ತಿರುವಂತೆ ಕಂಡಿತು. ಪಕ್ಕದ ಕುಂಡಯಿಯಲ್ಲೂ ನವದುರ್ಗೆ, ಬೋರಿಯಲ್ಲೂ ನವದುರ್ಗೆ. ಹೆಸರು ಒಂದೇ; ಗುಡಿ ಬೇರೆ, ಜಾತ್ರೆ ಬೇರೆ, ಕುಲದೇವತೆ ಎಂದು ನಡೆದುಕೊಳ್ಳುವ ಮನೆತನಗಳು ಬೇರೆ. ಹೆಸರು ಒಂದೇ ಆದದ್ದಕ್ಕೆ ಗುಡಿಗಳನ್ನು ಸೇರಿಸಿ ಎಂದು ಇಷ್ಟು ವರ್ಷ ಯಾರೂ ಕಾಮೆಂಟ್ ಬರೆದಿಲ್ಲ.

ಗೇಟಿನಲ್ಲಿ ಲಾರಿ. ಬೆಳಗಾವಿಯ ಉದ್ಯಮಬಾಗಕ್ಕೆ ಕೆಲಸಕ್ಕೆ ಹೋಗಬೇಕಾದ ಕಬ್ಬಿಣದ ಬಿಡಿಭಾಗಗಳು. ಡ್ರೈವರು ಗದಗಿನ ಕಡೆಯವರು, ಕನ್ನಡ ಕೇಳಿ ಮುಖ ಅರಳಿತು, ನಾನೇ ಸಾಫ್ಟ್‌ವೇರ್‌ನವನು ಎಂದು ತಿಳಿದು ಮುದುಡಿತು. “ಏನ್ರಿ ಸಾಹೇಬ್ರ ಇದು? ನಾ ಮಾಲು ಮಾರಾಕ ಹೊಂಟಿಲ್ಲ. ಕೆಲಸಾ ಮಾಡಿಸ್ಕೊಂಡು ಹೊಳ್ಳಿ ತರಾಕ ಹೊಂಟೀನಿ. ನಿಮ್ಮ ಚೀಟಿ ನೋಡಿದ್ರ ಬೆಳಗಾವಿ ಗೋವಾದಾಗ ಐತಿ ಅಂತೈತಿ!”

ಚೀಟಿ ನೋಡಿದೆ. ನಿಜ. ಪ್ರಶ್ನೆಗಳು ಒಂದೊಂದು ಸ್ಥಾನ ಜಾರಿದ್ದವು. ಚಲನ್ ಹಳೆಯ ಕ್ರಮದಲ್ಲಿ ‘ಅಲ್ಲ, ಹೌದು, ಅಲ್ಲ’ ಎಂದಿತ್ತು. ಗೋವಾದೊಳಗಲ್ಲ, ಜಾಬ್‌ವರ್ಕು ಹೌದು, ಮಾಲು ಇನ್ನೂ ವಾಪಸಲ್ಲ ಎಂದು ಅದರ ಅರ್ಥ. ಹೊಸ ಕ್ರಮದಲ್ಲಿ ಅದು ತೂಕ ಪೂರ್ಣ ಮಾಡಬೇಡ, ಗೋವಾದೊಳಗೆ ಹೌದು ಎಂದಾಯಿತು; ಮೂರನೆಯ ‘ಅಲ್ಲ’ ಜಾಬ್ ವರ್ಕಿನ ಜಾಗಕ್ಕೆ ಬಂತು. ಜಾಬ್‌ವರ್ಕು ಮಾರಾಟವಾಯಿತು, ಬೆಳಗಾವಿ ಗೋವಾಕ್ಕೆ ಸೇರಿತು, 9 ಮತ್ತು 9 ತೆರಿಗೆ ಬಿತ್ತು. ಜಿಎಸ್‌ಟಿ ಲೆಕ್ಕದಲ್ಲಿ ಕರ್ನಾಟಕದ ಸಂಖ್ಯೆ 29, ಗೋವಾದ್ದು 30. 29ಕ್ಕೆ ಹೋಗುವ ಮಾಲಿಗೆ ಒಳರಾಜ್ಯದ ತೆರಿಗೆ ಹಾಕಿದ್ದನ್ನು ಕಂಡು ಇ-ವೇ ಬಿಲ್ಲಿನ ಪೋರ್ಟಲ್ ಅಡ್ಡ ಬಿದ್ದಿತ್ತು. ನನಗಿಂತ ಅದಕ್ಕೆ ಭೂಗೋಳ ಚೆನ್ನಾಗಿ ಗೊತ್ತು.

ಬೆಳಗಾವಿ ಕರ್ನಾಟಕದಲ್ಲೇ ಇರಲಿ ಎಂದು ಮಹಾಜನ ಆಯೋಗ 1967ರಲ್ಲೇ ಹೇಳಿ ಹೋಗಿತ್ತು. ಅತ್ತ ಮಹಾರಾಷ್ಟ್ರ ಕೋರ್ಟು ಹತ್ತಿ ಇನ್ನೂ ಇಳಿದಿಲ್ಲ. ಇತ್ತ ಮಹದಾಯಿಯ ನೀರಿಗೆ ಗೋವಾ ಕರ್ನಾಟಕ ಜಗಳವಾಡುತ್ತಿವೆ. ಇಂಥ ಹೊತ್ತಿನಲ್ಲಿ ಹಾಸನದ ನಾನು ಯಾರನ್ನೂ ಕೇಳದೆ, ಒಂದೇ ರಾತ್ರಿಯಲ್ಲಿ, ಇಡೀ ಬೆಳಗಾವಿಯನ್ನು ಗೋವಾಕ್ಕೆ ಬರೆದುಕೊಟ್ಟಿದ್ದೆ. ಡ್ರೈವರು ಇದನ್ನು ಊರಲ್ಲಿ ಹೇಳಬಾರದೆಂದು ಅವರಿಗೆ ಚಹಾ, ಬನ್ನು ಕೊಡಿಸಿದೆ.

ಕಾರ್ಖಾನೆಯ ಲೆಕ್ಕಿಗರ ಕೋಣೆಯಲ್ಲಿ ಇನ್ನೊಂದು ಪ್ರಳಯ. ಗೋವಾದೊಳಗಿನ ಬಿಲ್ಲುಗಳು ‘ಹೌದು, ಅಲ್ಲ’ ಎನ್ನುತ್ತಿದ್ದವಲ್ಲ, ಅವು ಈಗ ತೂಕ ಪೂರ್ಣ ಮಾಡು, ಗೋವಾದೊಳಗಲ್ಲ ಎನ್ನತೊಡಗಿದ್ದವು. ಹೀಗೆ ಬೆಳಗಾವಿ ಒಳಗೆ ಬಂದ ರಾತ್ರಿಯೇ ಪೊಂಡಾ, ಮಡಗಾಂವ್, ವಾಸ್ಕೋ ಎಲ್ಲ ಗೋವಾದಿಂದ ಹೊರಗೆ ಹೋದವು. 12 ಕಿಲೋ 600 ಗ್ರಾಂ ಮಾಲು 13 ಕಿಲೋ ಆಗಿ, ಮೇಲೆ 18 ಐಜಿಎಸ್‌ಟಿ ಬಿದ್ದಿತ್ತು. ದೊಡ್ಡ ಕಂಪನಿಯಾಗಿದ್ದರೆ ಇ-ಇನ್‌ವಾಯ್ಸ್ ಕಡ್ಡಾಯ, ಸರ್ಕಾರದ ಪೋರ್ಟಲ್ಲೇ ತಪ್ಪು ಹಿಡಿಯುತ್ತಿತ್ತು. ಇವರ ವಹಿವಾಟು ಐದು ಕೋಟಿಯ ಒಳಗೆ. ಹಿಡಿಯುವವರು ಯಾರೂ ಇಲ್ಲದೆ ಇಪ್ಪತ್ತಾರು ಬಿಲ್ಲು ಗಿರಾಕಿಗಳ ಕೈ ಸೇರಿದ್ದವು.

ನಾನು ಮೆಲ್ಲಗೆ, “ಒಟ್ಟು ತೆರಿಗೆ ಹದಿನೆಂಟೇ ಅಲ್ಲವೇ?” ಎಂದೆ.

ಲೆಕ್ಕಿಗರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಈ ತಿಂಗಳು ನಿಮ್ಮ ಸಂಬಳ ನಿಮ್ಮ ಪಕ್ಕದ ಮನೆಯವರ ಖಾತೆಗೆ ಹಾಕಿದರೆ ಆಗಬಹುದೇ? ಬೀದಿಯ ಒಟ್ಟು ಲೆಕ್ಕ ಅಷ್ಟೇ ಇರುತ್ತದೆ” ಎಂದರು.

ರಜೆಯಲ್ಲಿದ್ದ ಹುಡುಗಿ ಮನೆಯಿಂದಲೇ ಹತ್ತು ನಿಮಿಷದಲ್ಲಿ ಹಳೆಯ ಆವೃತ್ತಿಗೆ ರೋಲ್‌ಬ್ಯಾಕ್ ಮಾಡಿದಳು. ಲಾರಿ ಅನಮೋಡ ಘಾಟಿನ ದಾರಿ ಹಿಡಿಯಿತು. ನಾನು ಎರಡು ದಿನ ಸ್ಕೂಟರಿನಲ್ಲಿ ಅಂಗಡಿ ಅಂಗಡಿ ತಿರುಗಿ ತಪ್ಪು ಬಿಲ್ಲು ವಾಪಸು ತೆಗೆದುಕೊಂಡು ಸರಿಯಾದದ್ದು ಕೊಟ್ಟೆ. ಇಪ್ಪತ್ತಾರು ಕಡೆಯೂ ಒಂದೇ ಕ್ಷಮೆ, ಒಂದೇ ಮಾತಿನಲ್ಲಿ. ಅದನ್ನು ಮಾತ್ರ ಒಂದು ಫಂಕ್ಷನ್ ಮಾಡಿ ಎಲ್ಲರಿಗೂ ಒಟ್ಟಿಗೆ ಒಪ್ಪಿಸಲಾಗಲಿಲ್ಲ.

ಸಮಾಧಾನಕ್ಕೆ ದೊಡ್ಡವರ ಕಥೆ ಓದಿದೆ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಮೊದಲ ಹಾರಾಟದಲ್ಲೇ ನಲವತ್ತು ಸೆಕೆಂಡಿನೊಳಗೆ ಸಿಡಿದುಹೋಯಿತು. ಏರಿಯಾನ್ 4ರಲ್ಲಿ ಚೆನ್ನಾಗಿ ನಡೆಯುತ್ತಿದ್ದ ಕೋಡನ್ನೇ ಅದಕ್ಕೂ ಬಳಸಿದ್ದರು. ಹೊಸ ರಾಕೆಟ್ಟಿನ ವೇಗ ಹಳೆಯದಕ್ಕಿಂತ ಹೆಚ್ಚು. ಒಂದು ಸಂಖ್ಯೆ ತನಗೆ ಕೊಟ್ಟ 16 ಬಿಟ್ಟಿನ ಜಾಗದಲ್ಲಿ ಹಿಡಿಸಲಿಲ್ಲ. ಎರಡೂ ರಾಕೆಟ್ಟೇ, ಎರಡೂ ಏರಿಯಾನೇ. ಬೆಳ್ಳಗಿರುವುದೆಲ್ಲ ಹಾಲಲ್ಲ. ನಾನು ಲಾರಿಯೊಂದನ್ನು ನಿಲ್ಲಿಸಿದ್ದು, ರಾಕೆಟ್ ಉರುಳಿಸಲಿಲ್ಲ ಎಂದು ಅಮ್ಮನಿಗೆ ಹೇಳಿದೆ. “ನಿನ್ನ ಕೈಗೆ ರಾಕೆಟ್ ಕೊಟ್ಟಿಲ್ಲ, ಅದಕ್ಕೆ” ಎಂದಳು.

ಇಲ್ಲಿಗೆ ಬುದ್ಧಿ ಬಂತೆಂದು ನೀವು ತಿಳಿಯಬಹುದು. ಬಂತು. ಬಂದದ್ದು ಹದ ಮೀರಿ ಬಂತು.

ಸ್ಯಾಂಡಿ ಮೆಟ್ಜ್ ಎಂಬ ಪ್ರೋಗ್ರಾಮರ್ 2014ರಲ್ಲಿ ಒಂದು ಭಾಷಣ ಮಾಡಿದ್ದರು. ತಪ್ಪಾಗಿ ಸೇರಿಸಿದ ಕೋಡಿಗಿಂತ ಡೂಪ್ಲಿಕೇಟ್ ಕೋಡ್ ಎಷ್ಟೋ ಅಗ್ಗ ಎಂಬುದು ಅದರ ಸಾರ. ಆಹಾ, ಹೊಸ ಗುರು ಸಿಕ್ಕರು! 2016ರ ಮಾರ್ಚಿನಲ್ಲಿ ಲೆಫ್ಟ್‌ಪ್ಯಾಡ್ ಎಂಬ ಹನ್ನೊಂದು ಸಾಲಿನ ಕೋಡನ್ನು ಅದರ ಒಡೆಯ ವಾಪಸು ತೆಗೆದುಕೊಂಡಾಗ, ಅದನ್ನು ನೆಚ್ಚಿಕೊಂಡಿದ್ದ ದೊಡ್ಡ ದೊಡ್ಡ ಯೋಜನೆಗಳು ಕುಂತಲ್ಲೇ ಕುಸಿದದ್ದೂ ನೆನಪಾಯಿತು. ಹನ್ನೊಂದು ಸಾಲನ್ನು ತಾವೇ ನಕಲು ಮಾಡಿಕೊಂಡಿದ್ದರೆ ಆಗುತ್ತಿತ್ತಲ್ಲ! ಅಂದಿನಿಂದ ನನ್ನ ಕಾಮೆಂಟು ತಿರುಗಿತು: “ಇದನ್ನೇಕೆ ಹಂಚಿಕೊಂಡಿದ್ದೀರಿ? ನಕಲು ಮಾಡಿ, ಬೇರೆ ಇಡಿ.” ಬಿಲ್ಲಿನ ಫಂಕ್ಷನ್ ಮೂರಾಯಿತು, ಅದು ಸರಿಯೇ. ಆದರೆ ತೆರಿಗೆಯ ದರವೂ ಒಂದೊಂದು ಫಂಕ್ಷನ್ನಿನ ಹೊಟ್ಟೆಯಲ್ಲಿ ಒಂದೊಂದು ಪ್ರತಿಯಾಗಿ ಕೂತಿತು. ಹುಡುಗಿ ಒಂದೇ ಒಂದು ಸಲ, “ಸರ್, ದರ ಎಲ್ಲಾ ಕಡೆ ಒಂದೇ ಅಲ್ವಾ?” ಎಂದಳು. ನಾನು ಸುಟ್ಟ ಬೆರಳು ತೋರಿಸಿದೆ. ಮನೆಯಲ್ಲೂ ಇದೇ ಉತ್ಸಾಹ. ಒಲೆಯ ಹತ್ತಿರ ಒಂದು, ಸಿಂಕಿನ ಹತ್ತಿರ ಒಂದು, ಊಟದ ಮೇಜಿಗೆ ಒಂದು ಎಂದು ಉಪ್ಪಿಗೆ ಮೂರು ಜಾಡಿ ತಂದಿಟ್ಟೆ. ಒಂದು ಜಾಡಿಯಿಂದ ಅಮ್ಮ ಹಾಕಿದ ಮೇಲೆ ಇನ್ನೊಂದರಿಂದ ನಾನೂ ಹಾಕುತ್ತಿದ್ದೆ. ವಾರದಲ್ಲಿ ನಾಲ್ಕು ದಿನ ಹುಳಿಗಿಂತ ಜುವಾರಿಯ ನೀರೇ ಸಪ್ಪೆ ಎನಿಸಿತು.

2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ ದರಗಳನ್ನು ಬದಲಿಸಿತು. ಶೇ. 12 ಮತ್ತು 28ರ ಮೆಟ್ಟಿಲು ಹೋಗಿ ಬಹುತೇಕ ಎಲ್ಲವೂ 5 ಅಥವಾ 18ಕ್ಕೆ ಬಂದವು. ಜಾರಿಗೆ ಬಂದದ್ದು ಸೆಪ್ಟೆಂಬರ್ 22ಕ್ಕೆ, ನವರಾತ್ರಿಯ ಮೊದಲ ದಿನ. ದೇಶಕ್ಕೆಲ್ಲ ಹಬ್ಬ. ನಾನು ಮಾತ್ರ ಹತ್ತೊಂಬತ್ತು ದಿನ ಕೋಡಿನ ಮೂಲೆಮೂಲೆ ಕೆದಕುತ್ತ ನನ್ನ ಕೈಯಾರೆ ಬಿತ್ತಿದ ದರಗಳನ್ನು ಹುಡುಕಿದೆ. ಬಿಲ್ಲಿನಲ್ಲಿ ಸಿಕ್ಕಿತು, ಬದಲಿಸಿದೆ. ವರದಿಯಲ್ಲಿ ಸಿಕ್ಕಿತು, ಬದಲಿಸಿದೆ. ಇಪ್ಪತ್ತೊಂದು ಕಡೆ ಬದಲಿಸಿ, ಮಡ್ಕಯಿಯ ಗುಡಿಗೆ ಹೋಗಿ ಕೈಮುಗಿದು ಬಂದೆ.

ಇಪ್ಪತ್ತೆರಡನೆಯದು ಕೊಟೇಶನ್ನಿನಲ್ಲಿತ್ತು. ಸಿಮೆಂಟಿನ ತೆರಿಗೆ 28ರಿಂದ 18ಕ್ಕೆ ಇಳಿದಿತ್ತು. ನಮ್ಮ ಗಿರಾಕಿಯಾದ ಸಿಮೆಂಟ್ ವ್ಯಾಪಾರಿಯ ಬಿಲ್ಲು 18 ಎನ್ನುತ್ತಿತ್ತು, ಕೊಟೇಶನ್ನು ನಿಷ್ಠೆಯಿಂದ 28 ಎನ್ನುತ್ತಲೇ ಇತ್ತು. ಮನೆ ಕಟ್ಟಿಸುವವರೊಬ್ಬರು ಕೊಟೇಶನ್ ನೋಡಿ, ಟೀವಿಯಲ್ಲಿ ಕೇಳಿದ್ದನ್ನು ನೆನೆದು, ಇವನು ಮೋಸಗಾರ ಎಂದು ಪಕ್ಕದ ಅಂಗಡಿಗೆ ಹೋದರಂತೆ. ವ್ಯಾಪಾರಿ ಫೋನಿನಲ್ಲಿ ಕೊಂಕಣಿಯಲ್ಲಿ ಬೈದರು. ಕಾಲು ಕೊಂಕಣಿ ಬಲ್ಲ ನನಗೆ ಅಂದು ಪೂರ್ತಿ ಅರ್ಥವಾಯಿತು. ಡೂಪ್ಲಿಕೇಟ್ ಕೋಡ್ ಅಗ್ಗ ಎಂದಿದ್ದರು ಮೆಟ್ಜ್ ತಾಯಿ, ಪುಕ್ಕಟೆ ಎಂದಿರಲಿಲ್ಲ. ನಾನು ಆ ಭಾಷಣಕ್ಕೂ ಅರ್ಧಕ್ಕೇ ಎದ್ದು ಹೋಗಿದ್ದೆ.

ಆ ಸಂಜೆ ಫೆರಿಗೆ ಕಾಯುತ್ತಿದ್ದಾಗ ಹುಡುಗಿಯ ಹೊಸ ಕೋಡ್ ರಿವ್ಯೂಗೆ ಬಂತು. ದರದ ಪಟ್ಟಿ ಒಂದೇ ಕಡೆ. ರಾಜ್ಯಗಳ ಸಂಖ್ಯೆಯ ಪಟ್ಟಿ ಒಂದೇ ಕಡೆ. ಗೋವಾದ ಬಿಲ್ಲು, ಹೊರಗಿನ ಬಿಲ್ಲು, ಚಲನ್ ಬೇರೆ ಬೇರೆ. ಕೆಳಗೆ ನನಗಾಗಿಯೇ ಒಂದು ಟಿಪ್ಪಣಿ: “ನಮ್ಮಪ್ಪನ ಖಾಜನ್ ಗದ್ದೆ ಹೇಗಿದೆಯೋ ಹಾಗೆ ಮಾಡಿದ್ದೇನೆ ಸರ್.”

ಜೆಟ್ಟಿಯ ಪಕ್ಕ ನದಿಯಂಚಿನ ಗದ್ದೆಗಳು ಕಾಣುತ್ತಿದ್ದವು. ಖಾಜನ್ ಎಂದರೆ ಭರತದ ಉಪ್ಪುನೀರು ಏರುವ ಮಟ್ಟಕ್ಕಿಂತ ತಗ್ಗಿನಲ್ಲಿರುವ ಗದ್ದೆ. ಉತ್ತರ ಕನ್ನಡದ ಅಘನಾಶಿನಿಯ ದಂಡೆಯಲ್ಲಿ ಕಗ್ಗದ ಭತ್ತ ಬೆಳೆಯುವ ಗಜನಿ ಗದ್ದೆಗಳಿವೆಯಲ್ಲ, ಅದರ ಅಣ್ಣತಮ್ಮ. ಇಲ್ಲಿನ ಭತ್ತ ಕೊರ್ಗುಟ್. ನದಿಯ ಕಡೆಗೆ ಒಂದು ದೊಡ್ಡ ಕಟ್ಟೆ, ಅದರಲ್ಲಿ ಮಾನಸ್ ಎಂಬ ತೂಬಿನ ಬಾಗಿಲು. ಇಳಿತದಲ್ಲಿ ಒಳಗಿನ ನೀರು ಅದನ್ನು ತಳ್ಳಿ ಹೊರಗೆ ಹೋಗುತ್ತದೆ, ಭರತದಲ್ಲಿ ಹೊರಗಿನ ನೀರೇ ಅದನ್ನು ಮುಚ್ಚುತ್ತದೆ. ಪೋರ್ಚುಗೀಸರು ಬರುವುದಕ್ಕೂ ಹಿಂದಿನ ವ್ಯವಸ್ಥೆ. ಆ ದೊಡ್ಡ ಕಟ್ಟೆ ಊರಿಗೆಲ್ಲ ಒಂದೇ, ಯಾಕೆಂದರೆ ಉಪ್ಪುನೀರು ನುಗ್ಗಿದರೆ ಎಲ್ಲರಿಗೂ ನುಗ್ಗುತ್ತದೆ. ಒಳಗೆ ಗದ್ದೆಗದ್ದೆಗೂ ಬೇರೆ ಬದು. ಬಿತ್ತುವುದು ಅವರವರ ಕೆಲಸ. ಮೇಲಿನಿಂದ ನೋಡಿದರೆ ಎಲ್ಲ ಗದ್ದೆಯೂ ಒಂದೇ ಹಸಿರು. ನನ್ನಂಥವನು ಮೇಲಿನಿಂದ ಮಾತ್ರ ನೋಡುತ್ತಾನೆ.

ಒಂದೇ ಥರ ಕಾಣುತ್ತದೆಯೇ ಎಂದು ಇಷ್ಟು ವರ್ಷ ಕೇಳುತ್ತಿದ್ದೆ. ಕೇಳಬೇಕಾದದ್ದು ಇನ್ನೊಂದು: ನಾಳೆ ಬದಲಾಗುವಾಗ ಒಂದೇ ಕಾರಣಕ್ಕೆ, ಒಟ್ಟಿಗೇ ಬದಲಾಗುತ್ತದೆಯೇ? ಹೌದಾದರೆ ಒಂದು ಕಡೆ ಇಡಿ. ಅಲ್ಲವಾದರೆ ಎಷ್ಟೇ ಹೋಲಲಿ, ಬೇರೆ ಇಡಿ. ಇದು ಆ ಹುಡುಗಿ ಮೊದಲ ದಿನವೇ ಒಂದು ಸಾಲಿನಲ್ಲಿ ಬರೆದದ್ದು. ನನಗೆ ಅರ್ಥವಾಗಲು ಒಂದು ಲಾರಿ, ಇಪ್ಪತ್ತಾರು ಬಿಲ್ಲು ಮತ್ತು ಒಬ್ಬ ಸಿಮೆಂಟ್ ವ್ಯಾಪಾರಿ ಬೇಕಾದರು. ಫೆರಿ ಬರುವಷ್ಟರಲ್ಲಿ ಅಪ್ರೂವ್ ಒತ್ತಿದೆ. ಕಾಮೆಂಟ್ ಬರೆಯಲಿಲ್ಲ. ಇಡೀ ಕಚೇರಿ ಗಾಬರಿಯಾಯಿತಂತೆ.

ಮನೆಗೆ ಹೋದಾಗ ಅಮ್ಮ ನಾನು ತಂದಿದ್ದ ಎರಡು ಜಾಡಿಗಳನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿದ್ದಳು. ಈಗ ನಮ್ಮ ಅಡುಗೆಮನೆಯಲ್ಲಿ ಉಪ್ಪಿನ ಜಾಡಿ ಒಂದು, ಪುಡಿಯ ಡಬ್ಬಿ ಮೂರು. ಸಾಮಾನ್ಯ ಪುಡಿ ಇನ್ನೂ ಕಾಲು ಪಾತ್ರೆ ಉಳಿದಿದೆ. ಬೇಕಾದವರು ಕುಠ್ಠಾಳಿಗೆ ಬಂದು ಒಯ್ಯಬಹುದು.